ಹಿತ್ತಿಲ ಬಾಗಿಲಿನ ಅಗುಳಿ

ನಮ್ಮ ಮನೆಗೆ ಬಂದ ಯಾವುದನ್ನೂ ಅಪ್ಪ ಬಂದ ಹಾಗೆಯೇ ಒಳಗೆ ಬಿಟ್ಟುಕೊಂಡವನಲ್ಲ. ಜೇನು ತಂದವನ ಎದುರಿಗೇ ಒಂದು ಹನಿ ಉಗುರಿನ ಮೇಲೆ ಬಿಟ್ಟು ಅದು ಹರಿಯುತ್ತದೋ ನಿಲ್ಲುತ್ತದೋ ನೋಡುತ್ತಿದ್ದ. ತುಪ್ಪವನ್ನು ಅಂಗೈಗೆ ತಿಕ್ಕಿ ಮೂಸುತ್ತಿದ್ದ. ನೆಂಟರು ಬಂದರೆ ಕೂರಿ ಎನ್ನುವ ಮೊದಲು ಅವರ ಚಪ್ಪಲಿ ನೋಡುತ್ತಿದ್ದ. ಜೀಪಿನಲ್ಲಿ ಬಂದರೋ, ಬಸ್ಸಿಳಿದು ನಡೆದು ಬಂದರೋ ಎಂಬುದು ತಿಳಿದ ಮೇಲೆ ಕಾಫಿ ಯಾವ ಲೋಟದಲ್ಲಿ ಬರಬೇಕೆಂದು ಒಳಗೆ ಕೂಗುತ್ತಿದ್ದ. ನನಗೆ ಜ್ವರ ಬಂದರೂ ಅಷ್ಟೇ. ಅಪ್ಪ ಹಣೆ ಮುಟ್ಟಿ, ಇದು ನಿಜವಾದ ಜ್ವರವೋ ಸ್ಕೂಲಿನ ಜ್ವರವೋ ಎಂದು ತೀರ್ಪು ಕೊಟ್ಟ ನಂತರವೇ ಅವ್ವ ಗಂಜಿಗೆ ಇಡಬೇಕಾಗಿತ್ತು. ಹಾನುಬಾಳಿನ ಸುತ್ತಮುತ್ತ ಎಲ್ಲರೂ ಇದನ್ನು ಜಾಣತನ ಎನ್ನುತ್ತಿದ್ದರು. ನಾನೂ ಬಹಳ ಕಾಲ ಹಾಗೆಯೇ ಅಂದುಕೊಂಡಿದ್ದೆ. ಅರವತ್ತು ದಾಟಿದ ಮೇಲೆ ಅದಕ್ಕೆ ನನ್ನಲ್ಲಿ ಬೇರೆ ಹೆಸರಿದೆ. ಆದರೆ ಅದನ್ನಿಲ್ಲಿ ಬರೆದರೆ ಓದುವವರು ಅಪ್ಪನನ್ನು ಬಿಟ್ಟು ನನ್ನ ಬಾಯಿಯ ಬಗ್ಗೆ ಮಾತಾಡುತ್ತಾರೆ.

ಮನೆಯ ಮುಂದಿನ ಅರ್ಧ ಅಪ್ಪನದು, ಹಿಂದಿನ ಅರ್ಧ ಅವ್ವನದು. ಮುಂದೆ ಹಜಾರ, ಅದರ ಎಡಕ್ಕೆ ಕೋವಿ ಕೋಣೆ. ಹಿಂದೆ ಅಡುಗೆಮನೆ, ಅದರಾಚೆ ಹಿತ್ತಿಲ ಬಾಗಿಲು, ಬಚ್ಚಲು, ಸೌದೆ ಕೊಟ್ಟಿಗೆ. ನಡುವೆ ಹಗಲಲ್ಲೂ ಕತ್ತಲೆಯಾಗಿರುವ ಓಣಿ. ಆ ಓಣಿಯನ್ನು ದಾಟಿ ಆ ಕಡೆಗೂ ಈ ಕಡೆಗೂ ಓಡಾಡುತ್ತಿದ್ದವಳು ನಾನೊಬ್ಬಳೇ. ಹಜಾರದಲ್ಲಿ ಅಪ್ಪನ ಪಕ್ಕ ಕೂತು ಬಿಸಿ ಕಡುಬು, ನಾಟಿಕೋಳಿ ಸಾರು ಉಣ್ಣುತ್ತಿದ್ದೆ. ಅಪ್ಪ ಕೈ ತೊಳೆದು ಎದ್ದ ಮೇಲೆ ಒಳಗೆ ಹೋಗಿ, ಒಲೆಯ ಪಕ್ಕ ಆಗ ಉಣ್ಣಲು ಕೂತ ಅವ್ವನ ತಟ್ಟೆಯಿಂದ ತಣ್ಣಗಾದ ಅಕ್ಕಿರೊಟ್ಟಿ, ಕೆಸುವಿನ ಸೊಪ್ಪಿನ ಪಲ್ಯ ತಿನ್ನುತ್ತಿದ್ದೆ. ಮುಂದೆ ಕೇಳಿದ್ದು ತೀರ್ಪು, ಹಿಂದೆ ಕೇಳಿದ್ದು ಕತೆ. ಎರಡನ್ನೂ ಒಂದೇ ಹೊಟ್ಟೆಗೆ ಹಾಕಿಕೊಂಡು ಬೆಳೆದೆ.

ಕೋವಿ ಕೋಣೆಯಲ್ಲಿದ್ದವು ಶಿಕಾರಿಯ ಕೋವಿಗಳಲ್ಲ. ಹಂದಿ ಓಡಿಸಲು ಲೈಸೆನ್ಸಿನ ಒಂದು ಕೋವಿ ಬೇರೆ ಕಡೆ ಇತ್ತು. ಇಲ್ಲಿದ್ದವೆಲ್ಲ ಹಿಂದಿನ ಕಾಲದ ದಂಡುಗಳಲ್ಲಿ ಸಿಪಾಯಿಗಳು ಹೊತ್ತು ತಿರುಗಿದ ಉದ್ದುದ್ದದ ಕೋವಿಗಳು. ಬಾಯಿಂದ ಮದ್ದು ತುಂಬಿ, ಚಕಮಕಿ ಕಲ್ಲಿನ ಕಿಡಿಯಿಂದ ಹಾರಿಸುವಂಥವು. ಒಂದೂ ಹಾರುವ ಸ್ಥಿತಿಯಲ್ಲಿರಲಿಲ್ಲ. ಆದರೂ ಎಲೆಕ್ಷನ್ ಬಂತೆಂದರೆ ಅವನ್ನೆಲ್ಲ ಜೀಪಿಗೆ ಹೇರಿ ಸಕಲೇಶಪುರದ ಸ್ಟೇಷನ್ನಿಗೆ ಒಪ್ಪಿಸಿ ಬರಬೇಕಿತ್ತು. ಅಲ್ಲಿನ ಪೇದೆಯೊಬ್ಬ ಪ್ರತಿ ಸಲವೂ ತಮಾಷೆ ಮಾಡುತ್ತಿದ್ದ.

"ಗೌಡ್ರೆ, ಇವನ್ನ ಇಟ್ಕಂಡು ಏನ್ ಮಾಡಾನ? ಇದ್ಕೆ ಮದ್ದು ತುಂಬೋ ಹೊತ್ಗೆ ಎಲೆಕ್ಷನ್ನೇ ಮುಗ್ದೋಗಿರ್ತದೆ."

ಅಪ್ಪ ನಗುತ್ತಿರಲಿಲ್ಲ. ಕೋವಿಯ ವಿಷಯದಲ್ಲಿ ಅಪ್ಪ ನಕ್ಕಿದ್ದನ್ನು ನಾನು ಒಂದೇ ಸಲ ನೋಡಿದ್ದು, ಅದನ್ನು ಮುಂದೆ ಹೇಳುತ್ತೇನೆ.

ಜನ ಹುಡುಕಿಕೊಂಡು ಬರುತ್ತಿದ್ದರು. ಹಳೆಯ ಕೋವಿ ಕೊಳ್ಳುವ ಹುಚ್ಚಿನವರು, ಮಾರುವವರು, ಅಟ್ಟದ ಮೇಲೆ ತುಕ್ಕು ಹಿಡಿದ ಕೊಳವೆಯೊಂದು ಸಿಕ್ಕಿದೆಯೆಂದು ಗೋಣಿಯಲ್ಲಿ ಸುತ್ತಿ ತಂದವರು. ಎಲ್ಲರದೂ ಒಂದೇ ಕತೆ, ಇದು ಸಕಲೇಶಪುರದ ಗುಡ್ಡದ ಮೇಲಿನ ಕೋಟೆಯಿಂದ ಬಂದದ್ದು. ಅವರು ಹೇಳಿದ ಕೋವಿಗಳೆಲ್ಲ ಆ ಕೋಟೆಯಲ್ಲಿದ್ದಿದ್ದರೆ ಸಿಪಾಯಿಗಳಿಗೆ ನಿಲ್ಲಲು ಜಾಗವಿರುತ್ತಿರಲಿಲ್ಲ. ಕಾಫಿ ವ್ಯಾಪಾರದ ಖಾದರ್ ಸಾಬರು ಪೇಟೆಯಿಂದ ಆಗಾಗ ಒಂದೊಂದನ್ನು ಹಿಡಿದು ಬರುತ್ತಿದ್ದರು. ಒಮ್ಮೆ ಅವರು ತಂದ ಕೋವಿಯ ಮರದ ಹಿಡಿಯನ್ನು ಅಪ್ಪ ಮೂಸಿದ, ನಾಲಗೆ ತುದಿಯಿಂದ ನೆಕ್ಕಿದ, ಮತ್ತೆ ನನ್ನ ಕಡೆ ಚಾಚಿದ.

"ನೆಕ್ಕು ಮಗ. ಏನ್ ಗೊತ್ತಾಗ್ತದೆ?"

"ಕಹಿ."

"ಕಾಫಿ ಡಿಕಾಕ್ಷನ್ನು ಕಣ್ರೀ ಸಾಬ್ರೆ. ಮರ ಹಳೇದು ಕಾಣ್ಲಿ ಅಂತ ಬಳಿದವ್ರೆ. ಕಬ್ಬಿಣನ ತಿಪ್ಪೇಲಿ ಹೂತಿಟ್ಟು ತುಕ್ಕು ಬರ್ಸವ್ರೆ. ನಮ್ ಕಾಫಿನೇ ಬಳಿದು ನಮ್ಗೇ ತಂದವ್ರೆ ನೋಡಿ, ಎಂಥಾ ಜನ!"

"ಹಾಳಾಗೋಗ್ಲಿ ಮಾರಾಯ, ನಿಮ್ ನಾಲ್ಗೆ ಐತಲ್ಲ, ಅದು ಕೋರ್ಟು," ಎಂದು ಖಾದರ್ ಸಾಬರು ಹಣೆ ಚಚ್ಚಿಕೊಂಡರು.

ನಾನು ಅವತ್ತು ಎಷ್ಟು ಉಬ್ಬಿಹೋಗಿದ್ದೆ ಎಂದರೆ ಒಂದು ವಾರ ಸ್ಲೇಟು, ಬಾಗಿಲ ಚೌಕಟ್ಟು, ನಮ್ಮ ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ಮನೆಯ ಮಗುವಿನ ತೊಟ್ಟಿಲು ಎಲ್ಲವನ್ನೂ ನೆಕ್ಕಿಕೊಂಡು ತಿರುಗಿದೆ. ಅಪ್ಪ ಕಲಿಸಿದ. ಅದನ್ನು ಇಲ್ಲವೆನ್ನಲಾರೆ, ಎಷ್ಟು ಸಿಟ್ಟಿದ್ದರೂ. ತಿರುಪಿನ ತಲೆಯ ಗೀರು ನೋಡು, ಯಂತ್ರದ್ದೋ ಕೈ ಅರದ್ದೋ ಎಂದು ತೋರಿಸಿದ. ತಿಪ್ಪೆಯ ತುಕ್ಕು ಕೆಂಪಗೆ ಬೂದಿಯಂತೆ ಉದುರುತ್ತದೆ, ಕಾಲದ ತುಕ್ಕು ಕಂದುಬಣ್ಣಕ್ಕೆ ತಿರುಗಿ ಕಬ್ಬಿಣದ ಚರ್ಮವೇ ಆಗಿಬಿಡುತ್ತದೆ ಎಂದು ಬೆರಳು ಹಿಡಿದು ಸವರಿಸಿದ. ಎಲ್ಲಕ್ಕಿಂತ ಹೆಚ್ಚಾಗಿ, ಮೇಲಿನದನ್ನು ನೋಡಿ ತೀರ್ಪು ಕೊಡಬಾರದು ಎಂದ. ದಂಡಿನ ಕಾರ್ಖಾನೆಯಲ್ಲಿ ಒಂದು ನಳಿಗೆಗೆ ಒಂದು ಮರವನ್ನು ಕೈಯಿಂದಲೇ ಹೊಂದಿಸಿ ಕೂರಿಸುತ್ತಿದ್ದರು. ಯಾವುದಕ್ಕೆ ಯಾವುದೆಂದು ಮರೆಯದಿರಲು ನಳಿಗೆಯ ಅಡಿಗೆ ಅರದಿಂದ ಗೀಟುಗಳನ್ನು ಎಳೆದು, ಮರದೊಳಗೆ ನಳಿಗೆ ಮಲಗುವ ತೋಡಿನಲ್ಲೂ ಅದೇ ಗೀಟುಗಳನ್ನು ಕೊರೆಯುತ್ತಿದ್ದರು. ಕೋವಿ ಬಿಚ್ಚದ ಹೊರತು ಅದು ಕಾಣುವುದಿಲ್ಲ. ಎರಡು ಗೀಟುಗಳೂ ಕೂಡಿದರೆ ಕಬ್ಬಿಣವೂ ಮರವೂ ಒಟ್ಟಿಗೆ ಹುಟ್ಟಿದವು. ಕೂಡದಿದ್ದರೆ ಯಾರೋ ಎಲ್ಲಿಂದಲೋ ತಂದು ಜೋಡಿಸಿದ್ದು.

"ಅಡಿ ನೋಡ್ದೆ ಬಾಯ್ ಬಿಡ್ಬಾರ್ದು ಮಗ," ಎನ್ನುತ್ತಿದ್ದ. ಈ ಮಾತನ್ನು ನಮ್ಮ ಮನೆಗೆ ಬಂದವರೆಲ್ಲ ಕೇಳಿದ್ದಾರೆ.

ಬಿಚ್ಚುವುದೂ ಒಂದು ಪೂಜೆಯೇ. ನಳಿಗೆಯನ್ನು ಮರಕ್ಕೆ ಹಿಡಿದಿಡುವ ತೆಳು ಕಬ್ಬಿಣದ ಕಡ್ಡಿಗಳನ್ನು ಅಪ್ಪ ಒಂದೊಂದಾಗಿ ತಟ್ಟಿ ಹೊರಡಿಸಿ, ಹಿಂದಿನ ತಿರುಪು ತೆಗೆದು, ನಳಿಗೆಯನ್ನು ಎತ್ತಿ ಬಟ್ಟೆಯ ಮೇಲೆ ಮಲಗಿಸುತ್ತಿದ್ದ. ನೋಡಿಯಾದ ಮೇಲೆ ಮತ್ತೆ ಕೂಡಿಸಿ, ನಮ್ಮ ಸೀಮೆಯ ತೇವ ಒಳಗಿಳಿಯದಂತೆ, ದೀಪದ ಕಾಡಿಗೆ ಕಲಸಿದ ಜೇನುಮೇಣವನ್ನು ಕಡ್ಡಿಗಳ ತೂತಿಗೆ ತುಂಬಿ ಹೆಬ್ಬೆರಳಿನಿಂದ ಒತ್ತುತ್ತಿದ್ದ. ಅವನ ಹೆಬ್ಬೆರಳಿನ ಉಗುರು ಯಾವುದೋ ಕೋವಿಯ ಕುದುರೆ ಬಡಿದು ಉದ್ದಕ್ಕೆ ಸೀಳಿ, ಮತ್ತೆಂದೂ ಸರಿಯಾಗಿ ಕೂಡಿರಲಿಲ್ಲ. ಚಕಮಕಿ ಕಲ್ಲನ್ನು ಕಚ್ಚಿಕೊಂಡು ಮೇಲಿಂದ ಬಡಿಯುವ ಕೊಕ್ಕೆಗೆ ನಮ್ಮಲ್ಲಿ ಕುದುರೆ ಎನ್ನುತ್ತಾರೆ. ಹಾಗಾಗಿ ಅಪ್ಪ ಒತ್ತಿದ ಮೇಣದ ನಡುವೆ ಯಾವಾಗಲೂ ಸಣ್ಣದೊಂದು ಏಣು ಎದ್ದಿರುತ್ತಿತ್ತು. ನಾನು ಅದರ ಮೇಲೆ ಬೆರಳಾಡಿಸುತ್ತಿದ್ದೆ. ಅಪ್ಪನ ಗುರುತು ಅಂತ ಇಷ್ಟವಾಗಿತ್ತು.

ಆಯುಧಪೂಜೆ ನಮ್ಮ ಮನೆಯ ದೊಡ್ಡ ಹಬ್ಬ. ಹಜಾರದಲ್ಲಿ ಉದ್ದನೆಯ ಹಲಗೆ ಹಾಕಿ, ಕೆಂಪು ಬಟ್ಟೆ ಹೊದಿಸಿ, ಕೋವಿಗಳನ್ನೆಲ್ಲ ಸಾಲಾಗಿ ಇಡುತ್ತಿದ್ದೆವು. ನಡುವಿನ ಜಾಗ ಒಂದೇ ಕೋವಿಗೆ. ಅದು ಅಪ್ಪನ ಮನೆತನದ್ದು, ಅಪ್ಪನ ಮುತ್ತಾತನಿಗೆ ಯಾವುದೋ ದಂಡಿನ ಸಾಹೇಬ ಮೆಚ್ಚಿ ಕೊಟ್ಟದ್ದು ಎಂದು ಕತೆ. ಮೊದಲ ಕುಂಕುಮ ಅದಕ್ಕೆ, ಮೊದಲ ಆರತಿ ಅದಕ್ಕೆ. ಯಾರ ಕೋವಿ ನಡುವಿದೆಯೋ ಆ ಮನೆಯವರೇ ಆರತಿ ಎತ್ತಬೇಕು, ಬೂದುಗುಂಬಳ ಒಡೆಯಬೇಕು. ಊರಿನ ಎಲ್ಲ ಕೋವಿಗಳನ್ನೂ ಬಿಚ್ಚಿ ನೋಡಿದ ಅಪ್ಪ ಅದನ್ನು ಯಾರೆದುರೂ ಬಿಚ್ಚಿದ್ದನ್ನು ನಾನು ನೋಡಿರಲಿಲ್ಲ. ದೇವರನ್ನು ಯಾರಾದರೂ ಬಿಚ್ಚುತ್ತಾರೆಯೇ ಎಂದು ನಾನೇ ಸಮಾಧಾನ ಮಾಡಿಕೊಂಡಿದ್ದೆ.

ಅವ್ವ ಆಲೂರು ಕಡೆಯವಳು, ಕುಂದೂರಿನ ಹತ್ತಿರದ ಒಂದು ಹಳ್ಳಿ. ಕಾಫಿಯವರಲ್ಲ, ಗದ್ದೆ ಹೊಲದವರು. ನಮ್ಮ ಮನೆಯ ಮುಂದಿನ ಅರ್ಧದಲ್ಲಿ ಆಲೂರಿನವರು ಎಂಬ ಮಾತನ್ನು ಒಂದು ಬಗೆಯ ಕೆಮ್ಮಿನ ಜೊತೆ ಹೇಳುತ್ತಿದ್ದರು. ಅವ್ವನಿಗೆ ತವರಿನಿಂದ ಬಂದ ಹೆಮ್ಮೆ ಒಂದೇ, ದಂಡಿನ ತಾತನ ಕೋವಿ. ಅವಳ ಮುತ್ತಾತ ಕಂಪನಿ ಸರ್ಕಾರದ ದಂಡಿಗೆ ಸೇರಿ, ಕೂದಲು ಬೆಳ್ಳಗಾದ ಮೇಲೆ ಹೆಗಲ ಮೇಲೆ ಆ ಕೋವಿ ಹೊತ್ತು ನಡೆದುಕೊಂಡು ಊರಿಗೆ ಬಂದನಂತೆ. ತವರಿನಲ್ಲಿ ಅದನ್ನು ದೇವರ ಸಾಮಾನಿನ ಹಾಗೆ ನೋಡಿಕೊಂಡಿದ್ದರು. ಪ್ರತಿ ಆಯುಧಪೂಜೆಗೂ ಅದಕ್ಕೆ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಕೊಳಗ, ದೀಪದ ಕಂಬಗಳ ಜೊತೆಯಲ್ಲೇ ಉಜ್ಜಿ ಬೆಳಗಬೇಕು. ಆದರೆ ಬಿಚ್ಚುವಂತಿಲ್ಲ. ಬಿಚ್ಚಿದರೆ ತಾತನ ಉಸಿರು ಹೋಗಿಬಿಡುತ್ತದೆ ಎಂದು ನಂಬಿಕೆ. ಈ ಕತೆಯನ್ನು ಒಲೆಯ ಪಕ್ಕ ಕೂತು ಅವ್ವ ಎಷ್ಟು ಸಲ ಹೇಳಿದ್ದಾಳೋ. ನಾನು ಅವಳ ತಟ್ಟೆಯಿಂದ ರೊಟ್ಟಿ ಹರಿದು ತಿನ್ನುತ್ತಾ ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ.

ಅವ್ವನ ಅಪ್ಪ ತೀರಿಹೋಗುವಾಗ, ಕೋವಿಗೆ ಬೆಲೆ ಗೊತ್ತಿರುವ ಮನೆಗೆ ಅದು ಸೇರಲಿ, ಮಗಳಿಗೆ ಕೊಡಿ ಎಂದು ಹೇಳಿದ್ದರಂತೆ. ಅವ್ವನ ತಮ್ಮ ರಂಗಮಾವ ಅದನ್ನು ಕಂಬಳಿಯಲ್ಲಿ ಸುತ್ತಿ, ಬಾಳೆಗೊನೆಯೊಂದಕ್ಕೆ ಕಟ್ಟಿಕೊಂಡು, ಎರಡು ಬಸ್ಸು ಬದಲಾಯಿಸಿ ಆಯುಧಪೂಜೆಯ ಹಿಂದಿನ ಸಂಜೆ ನಮ್ಮ ಮನೆಗೆ ಬಂದ. ಅಡುಗೆಮನೆಯ ನಡುವೆ ಕಂಬಳಿ ಬಿಚ್ಚಿದ. ಇಡೀ ಕೋವಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಹೊರಡುವ ದಿನ ಬೆಳಗ್ಗೆಯೆಲ್ಲಾ ಕೂತು ಉಜ್ಜಿದ್ದನಂತೆ, ಅಕ್ಕನ ಮನೆಗೆ ಹೋಗುವ ಕೋವಿ ಮಂಕಾಗಿರಬಾರದೆಂದು.

"ನೋಡಕ್ಕ, ಮುಖ ಕಾಣ್ತದೆ," ಎಂದ. ಅವ್ವ ನಿಜವಾಗಿಯೂ ಬಗ್ಗಿ ಅದರಲ್ಲಿ ಮುಖ ನೋಡಿಕೊಂಡಳು.

ಬೆಳಗ್ಗೆ ಅಪ್ಪ ಅದನ್ನು ಕೋವಿ ಕೋಣೆಗೆ ತೆಗೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ನಾನು ಚೆಂಡುಹೂವು ಪೋಣಿಸುತ್ತಾ ಜಗಲಿಯಲ್ಲಿದ್ದೆ. ಅವ್ವ ಕಾಫಿ ಲೋಟ ಹಿಡಿದು ಒಳಗೆ ಹೋದವಳು ಕಾಫಿ ಕೊಡಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇದ್ದಳು. ಹೊರಗೆ ಬಂದಾಗ ಅವಳ ಮುಖ ನಾನು ಅದುವರೆಗೆ ನೋಡದ ಹಾಗಿತ್ತು. "ಇನ್ನೊಂದ್ ದೊಡ್ಡ ಹಾರ ಕಟ್ಟು ಮಗ, ಸೇವಂತಿಗೇದು," ಎಂದು ಹೇಳಿ ಓಣಿಯಲ್ಲಿ ಹೆಚ್ಚುಕಡಿಮೆ ಓಡಿದಳು. ಮದುವೆಯ ಸೀರೆ ಉಟ್ಟಳು. ತಮ್ಮನಿಗೆ ಅಪ್ಪನ ಒಂದು ಹಳೆಯ ಬಿಳಿ ಅಂಗಿ ಕೊಟ್ಟು ಹಾಕಿಸಿದಳು. ನಾನು ಹಾರ ಕಟ್ಟಿದೆ. ಯಾರಿಗೆಂದು ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಜಾರ ತುಂಬಿತು. ಪಕ್ಕದ ಎಸ್ಟೇಟಿನವರು, ಅಪ್ಪನ ದಾಯಾದಿಗಳು, ಪೇಟೆಯಿಂದ ಖಾದರ್ ಸಾಬರು, ಹಿಂದೆ ಗೋಡೆಗೆ ಒರಗಿ ನಮ್ಮ ರೈಟರ್. ಹಲಗೆಯ ಮೇಲೆ ಅಪ್ಪನ ಮನೆತನದ ಕೋವಿ ಎಂದಿನಂತೆ ನಡುವೆಯೇ ಇತ್ತು. ರಂಗಮಾವ ತಂದದ್ದು ಹಲಗೆಯ ಮೇಲಿರಲೇ ಇಲ್ಲ, ಗೋಡೆಗೆ ಒರಗಿಸಿತ್ತು. ಒಬ್ಬರು ಅದರ ಹೊಳಪು ನೋಡಿ, ಇದ್ಯಾವುದು ಗೌಡ್ರೆ ಎಂದು ಕೇಳಿದರು. ಅಪ್ಪ ಬಾಯಿ ಬಿಡುವ ಮೊದಲೇ ರಂಗಮಾವ ಹೆಮ್ಮೆಯಿಂದ, ನಮ್ಮ ದಂಡಿನ ತಾತನದು ಎಂದ. ಅಪ್ಪ ಅದನ್ನು ಎತ್ತಿ ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿದ.

"ಹಳೇ ಕಬ್ಬಿಣ ಹಿಂಗ್ ಹೊಳೆಯಲ್ಲ. ದಂಡಿನ ಕೋವಿ ಅಂದ್ಮೇಲೆ ಮುದ್ರೆ ಇರ್ಬೇಕು, ಇಲ್ಲಿ ಇರ್ಬೇಕು. ನೋಡಿ, ಮಗೂ ಕೆನ್ನೆ ಇದ್ದಂಗೈತೆ. ಇದು ದಂಡಿಂದಲ್ಲ, ನಾಟಕದೋರ ಕೋವಿ."

"ಭಾವ, ವರ್ಷಾ ವರ್ಷಾ ಉಜ್ತೀವಲ್ಲ, ಸವ್ದೋಗಿರ್ತದೆ," ಎಂದ ರಂಗಮಾವ.

"ಏನ್ಲಾ ರಂಗ, ಸರ್ಕಾರದ್ ಮುದ್ರೆ ಹುಣ್ಸೇಹಣ್ಗೆ ಸವೀತದೇನ್ಲಾ?"

ಎಲ್ಲರೂ ನಕ್ಕರು. ಆಗ ಓಣಿಯ ಬಾಗಿಲಲ್ಲಿ ಅವ್ವನ ದನಿ ಕೇಳಿತು. ಗಂಡಸರು ಸೇರಿದ ಹಜಾರದಲ್ಲಿ ಅವಳ ದನಿ ಕೇಳಿದ್ದು ಅದೇ ಮೊದಲು.

"ಅಡಿ ನೋಡ್ದೆ ಬಾಯ್ ಬಿಡ್ಬಾರ್ದು ಅಂತ ನೀವೇ ಹೇಳ್ತೀರಿ. ಬಿಚ್ಚಿ ನೋಡಿ. ಎಲ್ರ ಮುಂದೆ ಬಿಚ್ಚಿ."

ಖಾದರ್ ಸಾಬರು ಮೆಲ್ಲಗೆ, "ಗೌಡ್ರೆ, ಒಂದ್ಸಲ ಬಿಚ್ಚಿಬುಡಿ, ಅದ್ರಾಗೇನೈತೆ," ಎಂದರು. ಅಪ್ಪ ಅವ್ವನನ್ನೇ ನೋಡುತ್ತಾ ನಿಂತಿದ್ದ. ನನಗೆ ಆ ನೋಟ ಅರ್ಥವಾಗಲಿಲ್ಲ. ಸಿಟ್ಟು ಎಂದುಕೊಂಡೆ. ಆಮೇಲೆ ಅಪ್ಪ ನಕ್ಕ. ಕೋವಿಯ ವಿಷಯದಲ್ಲಿ ಅವನು ನಕ್ಕ ಒಂದೇ ಸಲ ಅದು.

"ನಾಟಕದೋರ ಕೋವಿ ಬಿಚ್ಚಿದ್ರೆ ಒಳ್ಗೆ ಏನ್ ಸಿಗ್ತದೆ? ತಬಲ ಸಿಗ್ತದೆ."

ಮತ್ತೆ ನಗು. ಪೂಜೆ ನಡೆಯಿತು. ಅಪ್ಪ ಆರತಿ ಎತ್ತಿದ, ಕುಂಬಳ ಒಡೆದ. ರಂಗಮಾವನಿಗೆ ಪಂಕ್ತಿಯಲ್ಲಿ ಎಲೆ ಹಾಕಿದ್ದರು. ಬಡಿಸಿದ್ದನ್ನು ಮುಟ್ಟದೆ ಎದ್ದ. ಹಿತ್ತಿಲಿಗೆ ಹೋಗಿ ಅಪ್ಪನ ಬಿಳಿ ಅಂಗಿ ಕಳಚಿ ಒಗೆಯುವ ಕಲ್ಲಿನ ಮೇಲೆ ಮಡಿಸಿಟ್ಟು, ತನ್ನದನ್ನು ಹಾಕಿಕೊಂಡು, "ಬತ್ತೀನಕ್ಕ," ಎಂದ. ಅವ್ವ ಸೆರಗಿನಲ್ಲಿ ಬಾಯಿ ಒತ್ತಿಕೊಂಡು ತಲೆಯಾಡಿಸಿದಳು. ಅವನು ಆಮೇಲೆ ನಮ್ಮ ಮನೆಯ ಮೆಟ್ಟಿಲು ಹತ್ತಲೇ ಇಲ್ಲ. ನಾನು ಕಟ್ಟಿದ ಸೇವಂತಿಗೆ ಹಾರ ಅಡುಗೆಮನೆಯ ಮೂಲೆಯಲ್ಲಿ ಬಾಡಿತು.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಹಿತ್ತಿಲ ಬಾಗಿಲಿನ ಮರದ ಅಗುಳಿ ಗೆದ್ದಲು ಹಿಡಿದು ಮುರಿಯಿತು. ಹೊಸದು ಮಾಡಿಸುವುದು ಯಾಕೆ, ಉದ್ದವಾದದ್ದೊಂದು ಮನೆಯಲ್ಲೇ ಬಿದ್ದಿದೆಯಲ್ಲ ಎಂದು ಅಪ್ಪ ದಂಡಿನ ತಾತನ ಕೋವಿಯನ್ನು ಅಲ್ಲಿಗೆ ಹಾಕಿಸಿದ. ಬಾಗಿಲಿನ ಎರಡೂ ಕಡೆ ಗೋಡೆಗೆ ಹೊಡೆದ ಕೊಕ್ಕೆಗಳಲ್ಲಿ ಅದನ್ನು ಅಡ್ಡ ಇಟ್ಟರೆ ಆನೆ ತಳ್ಳಿದರೂ ಬಾಗಿಲು ತೆರೆಯುವಂತಿರಲಿಲ್ಲ. ಸಂಜೆ ಅದನ್ನು ಹಾಕುವವಳು, ಬೆಳಗ್ಗೆ ಎತ್ತುವವಳು ಅವ್ವ. ಕೋವಿಯ ಕುದುರೆ ಹೊರಗೆ ಚಾಚಿಕೊಂಡಿದ್ದರಿಂದ ಅವಳ ಸೆರಗು ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಬಿಡಿಸಿಕೊಂಡು ಒಂದು ಕ್ಷಣ ಅದರ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ಒಲೆಯ ಹೊಗೆಗೆ ಅದರ ಹೊಳಪು ಬೇಗ ಸತ್ತಿತು. ಆಯುಧಪೂಜೆಗೆ ಅದನ್ನು ಉಜ್ಜಲು ಅವಳೂ ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಒಲೆಯ ಪಕ್ಕದ ಕತೆಗಳೂ ನಿಂತುಹೋದವು.

ಆಮೇಲೆ ನಮ್ಮ ಮನೆಯ ಜಗಳಗಳಿಗೆಲ್ಲ ಒಂದೇ ಮುಕ್ತಾಯ. ಸಾರಿಗೆ ಉಪ್ಪು ಸರಿಯಿದೆ ಎಂದು ಅವ್ವ ಹೇಳಿದರೂ, ತೋಟದ ಕೂಲಿ ಲೈನಿನ ಹೆಂಗಸಿಗೆ ನಿಜವಾಗಿ ಹುಷಾರಿಲ್ಲ ಎಂದು ಹೇಳಿದರೂ, ನನ್ನನ್ನು ಹಾಸನದ ಕಾಲೇಜಿಗೆ ಕಳಿಸೋಣ ಎಂದರೂ ಅಪ್ಪನದು ಒಂದೇ ಮಾತು.

"ಇದೂ ನಿಮ್ ಕೋವಿ ಇದ್ದಂಗೇನಾ?"

ಅವ್ವ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಬರಬರುತ್ತ ಅಡುಗೆ ಕೆಲಸದವರೂ ಅವಳು ಹೇಳಿದ್ದನ್ನು ಅಪ್ಪನ ಹತ್ತಿರ ಹೋಗಿ ಮತ್ತೊಮ್ಮೆ ಕೇಳಿ ಬರತೊಡಗಿದರು. ಒಂದು ಕೋವಿ ಸುಳ್ಳೆಂದು ಸಾಬೀತಾದ ಮನೆಯಲ್ಲಿ ಆ ಕೋವಿ ತಂದವಳ ಬಾಯಿಂದ ಬಂದದ್ದೆಲ್ಲ ಸುಳ್ಳಾಯಿತು. ರಂಗಮಾವ ತೀರಿಕೊಂಡ ಸುದ್ದಿ ಬಂದ ದಿನ ಅಪ್ಪ ಜೀಪು ಕೊಟ್ಟು ಕಳಿಸಿದ, ತಾನು ಬರಲಿಲ್ಲ. ಕುಂದೂರಿನ ದಾರಿಯುದ್ದಕ್ಕೂ ಅವ್ವ ಅಳಲಿಲ್ಲ. ಮೈ ಮುಚ್ಚಿದ ಬಟ್ಟೆ ಸರಿಸಿ ಕೋವಿ ಉಜ್ಜಿದ್ದ ತಮ್ಮನ ಅಂಗೈ ತಿರುಗಿಸಿ ನೋಡಿದಳು, ಅಷ್ಟೇ.

ನಾನು ಅಪ್ಪನ ಕಸುಬನ್ನೇ ಹಿಡಿದೆ. ಇವತ್ತು ಹಳೆಯ ಕೋವಿ ಕೊಳ್ಳುವವರು ಮೈಸೂರಿನಿಂದ, ಮಂಗಳೂರಿನಿಂದ ನನಗೆ ಫೋಟೋ ಕಳಿಸುತ್ತಾರೆ. ಫೋಟೋದಲ್ಲಿ ಹೇಳಲಾಗದು, ಬಿಚ್ಚಬೇಕು ಎನ್ನುತ್ತೇನೆ. ಹೆಂಗಸಿಗೆ ಕೋವಿಯ ವಿಷಯ ಏನು ಗೊತ್ತು ಎಂದು ನಗುತ್ತಾ ಬಂದವರು ನಗು ಮರೆತು ಹೋಗುತ್ತಾರೆ. ನನ್ನ ತೀರ್ಪು ತಪ್ಪಿದ್ದು ಬಹಳ ಕಡಿಮೆ. ಆದರೆ ಅದೇ ಕಣ್ಣನ್ನು ನಾನು ಬೇರೆಲ್ಲ ಕಡೆಯೂ ಹೊತ್ತು ತಿರುಗಿದೆ. ಯಾರಾದರೂ ಪ್ರೀತಿಯಿಂದ ಮಾತಾಡಿದರೆ ಡಿಕಾಕ್ಷನ್ ಬಳಿದಿದ್ದಾ ಎಂದು ನಾಲಗೆ ಚಾಚುತ್ತದೆ. ಕಟ್ಟಿಕೊಂಡ ಗಂಡನನ್ನೂ ಹಾಗೆಯೇ ಬಿಚ್ಚಿ ನೋಡಿದೆ. ಮತ್ತೆ ಕೂಡಿಸಲು ಬರಲಿಲ್ಲ. ಅವನು ಹೋಗುವಾಗ, ನಿನಗೆ ಗಂಡ ಬೇಡ, ಮುದ್ರೆ ಬೇಕು ಎಂದ. ಅದಕ್ಕೂ ನಾನು ಅಪ್ಪನನ್ನೇ ಬೈಯುತ್ತೇನೆ. ಬೈಯಲು ಇನ್ನಾರು ಇದ್ದಾರೆ?

ಅಪ್ಪ ಹೋದ ವರ್ಷ ತೀರಿಕೊಂಡ. ಅವ್ವ ಸಕಲೇಶಪುರದ ನನ್ನ ಮನೆಗೆ ಬಂದಳು. ಹಾನುಬಾಳಿನ ಮನೆಯನ್ನು ಹೋಂಸ್ಟೇ ಮಾಡುವವರಿಗೆ ಕೊಟ್ಟೆವು. ಅವರು ಹಿತ್ತಿಲ ಬಾಗಿಲಿಗೆ ಸ್ಟೀಲಿನ ಬೋಲ್ಟು ಹಾಕಿಸಿ, ಅಗುಳಿಯನ್ನು ಸೌದೆ ಕೊಟ್ಟಿಗೆಗೆ ಎಸೆದಿದ್ದರು. ಕೋವಿಗಳ ಕಾಗದಪತ್ರ ಸರಿಮಾಡಿಸಲು ಹೋದವಳು ಅದನ್ನೂ ಜೀಪಿಗೆ ಹಾಕಿಸಿಕೊಂಡೆ. ಮನೆಗೆ ತಂದ ಮೇಲೆ ಮೊದಲು ಬಿಚ್ಚಿದ್ದು ಹಲಗೆಯ ನಡುವೆ ಕೂರುತ್ತಿದ್ದ ಅಪ್ಪನ ಮನೆತನದ ಕೋವಿಯನ್ನು. ನಳಿಗೆಯ ಗೀಟುಗಳೇ ಬೇರೆ, ಮರದ ಗೀಟುಗಳೇ ಬೇರೆ. ಎರಡು ಸತ್ತ ಕೋವಿಗಳಿಂದ ಯಾರೋ ಒಂದು ಮಾಡಿದ್ದರು. ಕಡ್ಡಿಗಳ ತೂತಿನಲ್ಲಿ ಹಳೆಯ ಮೇಣವಿತ್ತು, ನಡುವೆ ಏಣು ಎದ್ದ ಮೇಣ. ಅಪ್ಪನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ವರ್ಷವರ್ಷವೂ ಅದಕ್ಕೇ ಆರತಿ ಎತ್ತಿದ. ನನಗೆ ಆಶ್ಚರ್ಯವೇನೂ ಆಗಲಿಲ್ಲ. ಒಂದು ಕೆಟ್ಟ ನಗು ಬಂತು.

ಆಮೇಲೆ ಅಗುಳಿಯನ್ನು ಮಡಿಲಿಗೆ ಎಳೆದುಕೊಂಡೆ. ಹೊಗೆಯ ಜಿಡ್ಡು ದಪ್ಪಗೆ ಕೂತಿತ್ತು. ಬಟ್ಟೆಯಿಂದ ಒರೆಸುತ್ತಾ ಮೊದಲನೆಯ ಕಡ್ಡಿಯ ತೂತಿಗೆ ಬಂದಾಗ ಬೆರಳಿಗೆ ಏಣು ಸಿಕ್ಕಿತು. ಕನ್ನಡಕ ಹಾಕಿಕೊಂಡು ನೋಡಿದೆ. ಜಿಡ್ಡಿನ ಕೆಳಗೆ ಕಾಡಿಗೆ ಕಲಸಿದ ಜೇನುಮೇಣ, ಸೀಳಿದ ಉಗುರಿನ ಗುರುತು. ಪ್ರತಿ ತೂತಿನಲ್ಲೂ ಇತ್ತು. ಬಿಚ್ಚುವ ಅಗತ್ಯವೂ ಇಲ್ಲ ಎಂದು ನಕ್ಕಿದ್ದ ಕೋವಿಯನ್ನು ಅಪ್ಪ ಬಿಚ್ಚಿದ್ದ. ಮೇಣ ಕೆದಕಿ, ಕಡ್ಡಿ ತಟ್ಟಿ, ತಿರುಪು ತೆಗೆದು ನಳಿಗೆ ಎತ್ತಿದೆ. ಹುಣಸೆಹಣ್ಣು ಎಂದೂ ತಲುಪದ ಅಡಿಯಲ್ಲಿ ಕಬ್ಬಿಣ ಕಂದುಬಣ್ಣಕ್ಕೆ ತಿರುಗಿ ಮಲಗಿತ್ತು. ತಯಾರಿಸಿದವನ ಮುದ್ರೆ ಆಳವಾಗಿ, ನಿನ್ನೆ ಒತ್ತಿದ ಹಾಗೆ ಇತ್ತು. ಪಕ್ಕದಲ್ಲಿ ಅರದ ಗೀಟುಗಳು. ಮರದ ತೋಡಿನಲ್ಲೂ ಅವೇ ಗೀಟುಗಳು, ಅದೇ ಓರೆ. ಇಷ್ಟು ವರ್ಷಗಳಲ್ಲಿ ನಾನು ನೋಡಿದ ದಂಡಿನ ಕೋವಿಗಳಲ್ಲಿ ಇಷ್ಟು ಅಪ್ಪಟವಾದದ್ದು ಇನ್ನೊಂದಿಲ್ಲ.

ಅವ್ವ ಕಿಟಕಿಯ ಹತ್ತಿರ ಕೂತು ಬತ್ತಿ ಹೊಸೆಯುತ್ತಿದ್ದಳು. ಮಾರನೆಯ ದಿನ ಆಯುಧಪೂಜೆ. ನಳಿಗೆಯನ್ನು ಎರಡೂ ಕೈಯಲ್ಲಿ ಹೊತ್ತು ಅವಳ ಮುಂದೆ ಇಟ್ಟೆ.

"ಅವ್ವ, ಇದು ಅಸಲಿ. ದಂಡಿಂದೇ. ಅಪ್ಪ ಬಿಚ್ಚಿ ನೋಡವ್ರೆ, ಮೇಣ ಐತೆ."

"ಗೊತ್ತು," ಎಂದಳು. ಬತ್ತಿ ಹೊಸೆಯುವುದು ನಿಲ್ಲಲಿಲ್ಲ.

"ಹೆಂಗ್ ಗೊತ್ತು?"

"ಅವತ್ ಬೆಳಗ್ಗೆ ಕಾಫಿ ತಗಂಡ್ ಹೋದ್ನಲ್ಲ. ಮೇಜಿನ ಮೇಲೆ ಬಿಚ್ಕಂಡ್ ಕೂತಿದ್ರು. ಬಾ ಇಲ್ಲಿ ಅಂತ ಕರ್ದು ನಂಗೇ ತೋರ್ಸಿದ್ರು. ಈ ಗೀಟು ನೋಡು, ಈ ಗೀಟು ನೋಡು ಅಂತ. ನಿಮ್ಮೋರದು ಅಪ್ಪಟ ಕಣೇ, ಇದ್ರ ಮುಂದೆ ನಮ್ದು ಏನೂ ಅಲ್ಲ ಅಂದ್ರು. ಇವತ್ ನಡೂಗೆ ಇದ್ನೇ ಇಡಾನ, ಆರತಿ ನಿನ್ ತಮ್ಮನ ಕೈಲೇ ಎತ್ಸಾನ ಅಂದ್ರು. ನಾಕ್ ಜನ ಬಂದ್ ಕೂತ್ರು ನೋಡು, ಬದಲಾಗ್ಬುಟ್ರು."

ಸೇವಂತಿಗೆ ಹಾರ ಯಾರಿಗೆಂದು ಆಗ ತಿಳಿಯಿತು. ಅಪ್ಪ ಆವತ್ತು ಅವಳನ್ನು ನೋಡಿದ ನೋಟವೂ ತಿಳಿಯಿತು. ನಾನು ಕೂಗಿಯೇ ಬಿಟ್ಟೆ.

"ಮತ್ತೆ ಇಷ್ಟ್ ವರ್ಷ ಯಾಕ್ ಹೇಳ್ಲಿಲ್ಲ ಅವ್ವ? ನಂಗಾದ್ರೂ ಹೇಳ್ಬೋದಿತ್ತಲ್ಲ!"

ಅವ್ವ ಬತ್ತಿ ಕೆಳಗಿಟ್ಟಳು.

"ಹೇಳಿದ್ನಲ್ಲ. ಎಲ್ರ ಮುಂದೆ, ಬಿಚ್ಚಿ ನೋಡಿ ಅಂದೆ. ನಿಂಗೂ ಹೇಳಿದ್ದೆ, ನೀನ್ ಇಷ್ಟುದ್ದ ಇದ್ದಾಗಿಂದ ಹೇಳಿದ್ದೆ, ನಮ್ ತಾತ ದಂಡಿಂದ ಹೊತ್ಕಂಡ್ ಬಂದಿದ್ದು ಅಂತ. ನೀನು ಇವತ್ ಬಿಚ್ಚಿದ್ಮೇಲೆ ನಂಬ್ತಾ ಇದೀಯ."

ಅವ್ವ ನಳಿಗೆಯನ್ನು ತನ್ನ ಕಡೆ ಎಳೆದುಕೊಂಡು, ಅಡಿಯ ಕಂದುಬಣ್ಣದ ಮೇಲೆ ಬೆರಳಾಡಿಸಿ, ಬೆರಳನ್ನು ಸೀರೆಗೆ ಒರೆಸಿಕೊಂಡಳು.

"ಎಷ್ಟ್ ಮಂಕಾಗೈತೆ. ಹುಣ್ಸೇಹಣ್ಣು ತಾ, ಉಜ್ಜಾನ. ನಾಳೆ ಹಬ್ಬ."

"ಅಡಿ ಉಜ್ಬೇಡ ಅವ್ವ. ಆ ಬಣ್ಣ ಹೋದ್ರೆ ಮುಗೀತು, ಇದ್ನ ಯಾರೂ ನಂಬಲ್ಲ."

"ನಂಬ್ದೆ ಇರ್ಲಿ. ನಂಬೋನು ಒಬ್ಬ ಇದ್ದ, ಊಟ ಬುಟ್ಟು ಎದ್ದೋದ. ಒಸಿ ಜಾಸ್ತಿ ತಾ, ಇವತ್ತಾದ್ರೂ ಪೂರ್ತಿ ಬೆಳಗ್ಲಿ."

ನಾನು ಅಡುಗೆಮನೆಗೆ ಹೋಗಿ ಹುಣಸೆಹಣ್ಣು ನೆನೆಹಾಕಿ ತಂದು ಅವಳ ಮುಂದಿಟ್ಟೆ.